ಬಿಸಿಲನಾಡಿಗೆ ಸದ್ದಿಲ್ಲದ ಕಂಪ್ಯೂಟರ್: ಕಲಬುರಗಿಯ ಮೇ ತಿಂಗಳನ್ನು ಮನಸ್ಸಿನಲ್ಲಿಟ್ಟು ಬಿಡಿಭಾಗ ಆರಿಸುವ ಬಗೆ

ಫ್ಯಾನ್ ಎಷ್ಟೇ ದೊಡ್ಡದಿರಲಿ, ಕೋಣೆಯ ಗಾಳಿಗಿಂತ ತಣ್ಣಗೆ ಯಾವುದನ್ನೂ ಮಾಡಲಾರದು. ಕಲಬುರಗಿ, ಯಾದಗಿರಿ ಕಡೆ ಕಂಪ್ಯೂಟರ್ ಕಟ್ಟುವವರ ಲೆಕ್ಕವೆಲ್ಲ ಇಲ್ಲಿಂದಲೇ ಶುರುವಾಗಬೇಕು. ಯೂಟ್ಯೂಬಿನಲ್ಲಿ ನೀವು ನೋಡುವ ಪರೀಕ್ಷೆಗಳು ಹೆಚ್ಚಾಗಿ 20ರಿಂದ 25 ಡಿಗ್ರಿಯ ಕೋಣೆಯಲ್ಲಿ ನಡೆದಿರುತ್ತವೆ. ಅಲ್ಲಿ ಪ್ರೊಸೆಸರ್ 68 ಡಿಗ್ರಿ ತೋರಿಸಿತು ಅಂದುಕೊಳ್ಳಿ, ಕೋಣೆ 24 ಇತ್ತು. ಹಾಗಾದರೆ ನೀವು ಬರೆದಿಟ್ಟುಕೊಳ್ಳಬೇಕಾದ ಸಂಖ್ಯೆ 68 ಅಲ್ಲ, 44. ಅದು ಕೋಣೆಗೂ ಪ್ರೊಸೆಸರಿಗೂ ಇರುವ ಅಂತರ. ಮೇ ತಿಂಗಳ ಮಧ್ಯಾಹ್ನ ಮಾಳಿಗೆ ಕಾದು ನಿಮ್ಮ ಕೋಣೆ 40ಕ್ಕೆ ಬಂದರೆ ಅದೇ ಕಂಪ್ಯೂಟರ್, ಅದೇ ಫ್ಯಾನ್ ವೇಗದಲ್ಲಿ 84 ತೋರಿಸುತ್ತದೆ. ಬೀದರ್ ಎತ್ತರದಲ್ಲಿರುವುದರಿಂದ ಒಂದೆರಡು ಡಿಗ್ರಿ ಕಡಿಮೆ ಮಾಡಿಕೊಳ್ಳಬಹುದು, ಲೆಕ್ಕದ ದಾರಿ ಮಾತ್ರ ಅದೇ.

ಸದ್ದು ಎಲ್ಲಿಂದ ಬರುತ್ತದೆ ಅನ್ನುವುದೂ ಇದರಲ್ಲೇ ಇದೆ. ಮದರ್‌ಬೋರ್ಡಿಗೆ ಕೋಣೆಯ ಬಿಸಿ ಗೊತ್ತಾಗುವುದಿಲ್ಲ, ಪ್ರೊಸೆಸರಿನ ಬಿಸಿ ಮಾತ್ರ ಗೊತ್ತು. ಕಾರ್ಖಾನೆಯಿಂದ ಬಂದ ಸೆಟ್ಟಿಂಗಿನಲ್ಲಿ ಆ ಬಿಸಿ ಒಂದು ಮಟ್ಟ ದಾಟಿದರೆ ಫ್ಯಾನ್ ಏರುತ್ತದೆ. ಚಳಿಗಾಲದಲ್ಲಿ ಸುಮ್ಮನಿದ್ದ ಯಂತ್ರ ಬೇಸಿಗೆಯಲ್ಲಿ ಬರೀ ಬ್ರೌಸರ್ ತೆರೆದರೂ ಭರ್ರೆನ್ನುವುದು ಇದಕ್ಕೇ. ಆದ್ದರಿಂದ ಇಲ್ಲಿ ಮೌನ ಬೇಕಿದ್ದರೆ ದೊಡ್ಡ ಫ್ಯಾನ್ ಹುಡುಕುವುದು ಎರಡನೆಯ ಕೆಲಸ. ಕಡಿಮೆ ಬಿಸಿ ಹುಟ್ಟಿಸುವ ಭಾಗಗಳನ್ನು ಆರಿಸುವುದು ಮೊದಲನೆಯದು.

ವ್ಯಾಟ್ ಕಡಿಮೆ, ಕೆಲಸ ಹೆಚ್ಚು

ಪ್ರೊಸೆಸರಿನ ಡಬ್ಬಿಯ ಮೇಲೆ ಬರೆದ ಟಿಡಿಪಿಯನ್ನು (ತಣಿಸಬೇಕಾದ ಬಿಸಿಯ ಲೆಕ್ಕವೆಂದು ಕೊಡುವ ವ್ಯಾಟ್) ನಂಬಬೇಡಿ, ಅದು ನಿಜವಾಗಿ ಎಳೆಯುವ ಗರಿಷ್ಠ ವ್ಯಾಟ್ ಎಷ್ಟೆಂದು ನೋಡಿ. ಎಎಂಡಿಯ ಎಎಂ5 ಸಾಕೆಟ್ಟಿನಲ್ಲಿ (ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) 65 ವ್ಯಾಟ್ ಎಂದು ಬರೆದದ್ದು 88 ವ್ಯಾಟ್ ತನಕ ಎಳೆಯುತ್ತದೆ, 105 ಎಂದದ್ದು 142, 170 ಎಂದದ್ದು 230. ಇಂಟೆಲ್‌ನ ಕೋರ್ ಐ7 14700ಕೆ 125 ವ್ಯಾಟ್ ಎಂದು ಬರೆದುಕೊಂಡು 253ರ ತನಕ ಹೋಗುತ್ತದೆ. 230, 250 ವ್ಯಾಟಿನ ಪ್ರೊಸೆಸರುಗಳು 24 ಡಿಗ್ರಿ ಕೋಣೆಯಲ್ಲೇ ಪೂರ್ತಿ ಹೊರೆ ಬಿದ್ದರೆ ತಮ್ಮ ಮಿತಿ ಮುಟ್ಟುತ್ತವೆ. 40 ಡಿಗ್ರಿಯಲ್ಲಿ ಅವು ವೇಗ ಇಳಿಸಿಕೊಳ್ಳುತ್ತವೆ, ಫ್ಯಾನ್ ಮಾತ್ರ ಪೂರ್ತಿ ಓಡುತ್ತಿರುತ್ತದೆ. ದುಡ್ಡು ಕೊಟ್ಟ ವೇಗವೂ ಸಿಗುವುದಿಲ್ಲ, ನೆಮ್ಮದಿಯೂ ಇರುವುದಿಲ್ಲ.

ಮನೆಯಲ್ಲಿ ವಿಡಿಯೋ ಎಡಿಟಿಂಗ್, ಪ್ರೋಗ್ರಾಮಿಂಗ್, ಆಟ ಎಲ್ಲವೂ ಆಗಬೇಕೆಂದರೆ ಎಎಂಡಿಯ ರೈಜನ್ 7 7700 ಅಥವಾ 9700ಎಕ್ಸ್ ಸಾಕು. ಎರಡರಲ್ಲೂ 8 ಕೋರ್ (ಒಟ್ಟಿಗೆ ದುಡಿಯುವ ಘಟಕಗಳು), ಎರಡೂ 88 ವ್ಯಾಟಿಗೆ ನಿಲ್ಲುತ್ತವೆ. ಬರೀ ಆಟಕ್ಕಾದರೆ 7800ಎಕ್ಸ್3ಡಿ. ಅದರ ಮಿತಿ 89 ಡಿಗ್ರಿ, ಉಳಿದವುಗಳ 95ಕ್ಕಿಂತ ಕೆಳಗೆ. ಆದರೆ ಆಟದಲ್ಲಿ ಅದು ಎಳೆಯುವ ವಿದ್ಯುತ್ ತೀರ ಕಡಿಮೆ, ಹೆದರಬೇಕಿಲ್ಲ. ಹೆಚ್ಚು ಕೋರ್ ಬೇಕೇ ಬೇಕು ಅನ್ನುವವರು 16 ಕೋರಿನ 7950ಎಕ್ಸ್ ಕೊಂಡು, ಕಂಪ್ಯೂಟರ್ ಚಾಲೂ ಆಗುವಾಗ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ ಆದ ಬಯಾಸ್‌ನಲ್ಲಿ ವಿದ್ಯುತ್ತಿಗೆ ಕಡಿವಾಣ ಹಾಕುವ ಇಕೋ ಮೋಡ್ ಅನ್ನು 105 ವ್ಯಾಟಿಗೆ ಇಡಿ. 230 ವ್ಯಾಟ್ 142ಕ್ಕೆ ಇಳಿಯುತ್ತದೆ, ಕಳೆದುಕೊಳ್ಳುವ ವೇಗ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ಕೊನೆಯ ಕೆಲವು ಮೆಗಾಹರ್ಟ್ಸ್‌ಗಾಗಿ ವೋಲ್ಟೇಜ್ ಏರಿಸಬೇಕಾಗುತ್ತದೆ, ಬಿಸಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಸ್ವಲ್ಪ ಬಿಟ್ಟರೆ ಬಿಸಿ ಬಹಳ ಇಳಿಯುವುದು ಇದರಿಂದಲೇ.

ಗ್ರಾಫಿಕ್ಸ್ ಕಾರ್ಡಿಗೂ ಇದೇ ನ್ಯಾಯ. ಇಡೀ ಕ್ಯಾಬಿನೆಟ್ಟಿನಲ್ಲಿ ದೊಡ್ಡ ಒಲೆ ಅದೇ. ಆರ್‌ಟಿಎಕ್ಸ್ 5060 ಟಿಐ 180 ವ್ಯಾಟ್, ಆರ್‌ಎಕ್ಸ್ 9060 ಎಕ್ಸ್‌ಟಿಯ 16 ಜಿಬಿ ಕಾರ್ಡ್ 160, ಆರ್‌ಎಕ್ಸ್ 9070 220, ಆರ್‌ಟಿಎಕ್ಸ್ 5070 250. ಈ ಬಿಸಿಲಿನಲ್ಲಿ 250 ವ್ಯಾಟನ್ನು ಮೇಲಿನ ಗೆರೆ ಎಂದು ಇಟ್ಟುಕೊಳ್ಳುವುದು ಒಳ್ಳೆಯದು. ಅದರಾಚೆ ಹೋದರೆ ಕಾರ್ಡ್ ತಣ್ಣಗಿದ್ದರೂ ಕೋಣೆ ತಣ್ಣಗಿರುವುದಿಲ್ಲ. 400 ವ್ಯಾಟ್ ಎಳೆಯುವ ಕಂಪ್ಯೂಟರ್ ಅಂದರೆ ಕೋಣೆಯಲ್ಲಿ 400 ವ್ಯಾಟಿನ ಹೀಟರ್ ಇಟ್ಟಂತೆಯೇ. ಒಂದೇ ಚಿಪ್ಪಿನ ಎರಡು ಕಂಪನಿ ಕಾರ್ಡುಗಳಿದ್ದರೆ ದಪ್ಪ ಇರುವುದನ್ನು, ಮೂರು ಫ್ಯಾನ್ ಇರುವುದನ್ನು ಕೊಳ್ಳಿ. ಕಡಿಮೆ ಹೊರೆಯಲ್ಲಿ ಫ್ಯಾನ್ ಪೂರ್ತಿ ನಿಲ್ಲುವ ಸೌಲಭ್ಯ ಇದೆಯೇ ಎಂದೂ ಕೇಳಿ.

ಕೊಂಡ ಮೇಲೆ, ಕಾರ್ಡನ್ನು ಹತೋಟಿಯಲ್ಲಿಡುವ ತಂತ್ರಾಂಶ ಎಂಎಸ್‌ಐ ಆಫ್ಟರ್‌ಬರ್ನರ್ ಹಾಕಿ ಪವರ್ ಲಿಮಿಟ್ ಅನ್ನು ಶೇಕಡಾ 80ಕ್ಕೆ ಇಳಿಸಿ. ಕೆಲವು ಕಾರ್ಡುಗಳು ಅಷ್ಟು ಕೆಳಗೆ ಬಿಡುವುದಿಲ್ಲ, ಬಿಟ್ಟಷ್ಟು ಇಳಿಸಿ. ಶೇಕಡಾ 20ರಷ್ಟು ವಿದ್ಯುತ್ ಉಳಿಯುತ್ತದೆ, ಆಟದಲ್ಲಿ ಕಳೆಯುವುದು ಸಾಮಾನ್ಯವಾಗಿ 5ರಿಂದ 8. ಜೊತೆಗೆ ಫ್ರೇಮ್ ದರವನ್ನು ಮಾನಿಟರಿನ ದರಕ್ಕೆ ಕಟ್ಟಿಹಾಕಿ. 144 ಹರ್ಟ್ಸ್ ಪರದೆಗೆ 300 ಫ್ರೇಮ್ ಎಳೆಯುವ ಕಾರ್ಡ್ ಸುಮ್ಮನೆ ಬಿಸಿಯಾಗುತ್ತದೆ, ಅದರ ಕಾಯಿಲ್‌ಗಳು ಜೀರುಂಡೆಯ ಹಾಗೆ ಕಿರ್ರೆನ್ನುವುದೂ ಆಗಲೇ. ಈ ಕಿರ್ ಸದ್ದಿಗೆ ಯಾವ ಫ್ಯಾನ್ ಬದಲಿಸಿದರೂ ಮದ್ದಿಲ್ಲ.

ಪ್ರೊಸೆಸರ್ ಕೂಲರ್: ಗಾಳಿಯೇ ಸಾಕು

88ರಿಂದ 142 ವ್ಯಾಟಿನ ಪ್ರೊಸೆಸರಿಗೆ ಎರಡು ಗೋಪುರದ, ಆರು ಹೀಟ್‌ಪೈಪಿನ ಗಾಳಿ ಕೂಲರ್ ಹಾಕಿ; ಹೀಟ್‌ಪೈಪ್ ಅಂದರೆ ಬಿಸಿಯನ್ನು ತಳದಿಂದ ಮೇಲಕ್ಕೆ ಸಾಗಿಸುವ ಲೋಹದ ಕೊಳವೆ. ಡಬ್ಬಿಯಲ್ಲೇ ಬರುವ ಚಿಕ್ಕ ಕೂಲರ್ ಕೆಲಸವೇನೋ ಮಾಡುತ್ತದೆ, ಆದರೆ ಅದರ ಪುಟ್ಟ ಫ್ಯಾನ್ ಬೇಸಿಗೆಯಲ್ಲಿ ನಿಮಿಷಕ್ಕೆ ಎರಡು ಸಾವಿರ ಸುತ್ತು ದಾಟಿ ಕೂಗುತ್ತದೆ. ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ ಕಡಿಮೆ ಬೆಲೆಗೆ ಬಹಳ ಕೆಲಸ ಮಾಡುವಂಥದು, ಎತ್ತರ 155 ಮಿ.ಮೀ. ಡೀಪ್‌ಕೂಲ್ ಎಕೆ620 160 ಮಿ.ಮೀ., ನಾಕ್ಟುವಾ ಎನ್‌ಎಚ್-ಡಿ15 165 ಮಿ.ಮೀ. ಕ್ಯಾಬಿನೆಟ್ಟಿನ ವಿವರದಲ್ಲಿ ಕೂಲರ್ ಎತ್ತರ ಎಷ್ಟು ಹಿಡಿಯುತ್ತದೆ ಎಂದು ಬರೆದಿರುತ್ತಾರೆ. ಅದರಲ್ಲಿ 5 ಮಿ.ಮೀ. ಉಳಿಯುವಂತೆ ನೋಡಿ. ರ‍್ಯಾಮ್‌ಗೆ ಎತ್ತರದ ಅಲಂಕಾರದ ತಗಡಿದ್ದರೆ ಮುಂದಿನ ಫ್ಯಾನನ್ನು ಮೇಲೆ ಸರಿಸಬೇಕಾಗುತ್ತದೆ, ಆಗ ಒಟ್ಟು ಎತ್ತರ ಏರಿ ಕ್ಯಾಬಿನೆಟ್ಟಿನ ಪಕ್ಕದ ಗಾಜು ಮುಚ್ಚುವುದಿಲ್ಲ. 34 ಮಿ.ಮೀ. ಒಳಗಿನ ಕುಳ್ಳು ರ‍್ಯಾಮ್ ಕೊಂಡರೆ ಈ ತೊಂದರೆ ಇಲ್ಲ.

ಪ್ರೊಸೆಸರಿಗೆ ನೀರಿನ ಕೂಲಿಂಗ್ ಬೇಡವೇ ಎಂದು ಎಲ್ಲರೂ ಕೇಳುತ್ತಾರೆ. ನಮ್ಮ ಉತ್ತರ: ಇಲ್ಲಿಗೆ ಬೇಡ. ಪಂಪ್ ಹಗಲಿರುಳು ಗುಂಯ್ ಅನ್ನುತ್ತಿರುತ್ತದೆ, ಫ್ಯಾನ್ ನಿಂತಾಗ ಅದೇ ಕಿವಿಗೆ ಬೀಳುವುದು. ಒಳಗಿನ ದ್ರವ ಹೊರೆಯಲ್ಲಿ ಕೋಣೆಗಿಂತ 10ರಿಂದ 15 ಡಿಗ್ರಿ ಹೆಚ್ಚಿರುತ್ತದೆ. 40ರ ಕೋಣೆಯಲ್ಲಿ ಅದು 50, 55 ಆಯಿತು. ಹೆಚ್ಚಿನ ತಯಾರಕರು ಹೇಳುವ 60ರ ಮಿತಿಗೆ ಇನ್ನು ದೂರವಿಲ್ಲ. ಬಿಸಿ ಹೆಚ್ಚಿದಷ್ಟೂ ರಬ್ಬರ್ ಕೊಳವೆಯೊಳಗಿಂದ ದ್ರವ ಬೇಗ ಆರುತ್ತದೆ, ಒಳಗೆ ಗಾಳಿಗುಳ್ಳೆ ಸೇರಿ ಗುಳುಗುಳು ಸದ್ದು ಶುರುವಾಗುತ್ತದೆ. ಗಾಳಿ ಕೂಲರಿನಲ್ಲಿ ಕೆಡುವುದು ಫ್ಯಾನ್ ಒಂದೇ. ಅದನ್ನು ಐದು ನಿಮಿಷದಲ್ಲಿ ಬದಲಿಸಬಹುದು.

ಕ್ಯಾಬಿನೆಟ್, ಫ್ಯಾನ್, ಧೂಳು

ಸದ್ದು ಹೀರುವ ಸ್ಪಂಜ್ ಹಚ್ಚಿ ಮುಂಭಾಗ ಮುಚ್ಚಿದ ಕ್ಯಾಬಿನೆಟ್ಟುಗಳು ತಣ್ಣನೆಯ ಊರಿಗೆ ಹೇಳಿ ಮಾಡಿಸಿದಂಥವು. ಇಲ್ಲಿ ಅವು ಉಲ್ಟಾ ಹೊಡೆಯುತ್ತವೆ. ಗಾಳಿ ಸಾಲದೆ ಫ್ಯಾನ್ ಜೋರಾಗುತ್ತದೆ, ಆ ಜೋರನ್ನು ಸ್ಪಂಜ್ ಹೀರಲಾರದು. ಮುಂದೆ ಪೂರ್ತಿ ಜಾಲರಿ ಇರುವುದನ್ನೇ ಕೊಳ್ಳಿ. ಲಿಯಾನ್ ಲಿ ಲ್ಯಾನ್‌ಕೂಲ್ 216ರಲ್ಲಿ ಮುಂದೆ 160 ಮಿ.ಮೀ.ನ ಎರಡು ಫ್ಯಾನ್ ಬರುತ್ತವೆ. ಕೋರ್ಸೇರ್ 4000ಡಿ ಏರ್‌ಫ್ಲೋ, ಫ್ರ್ಯಾಕ್ಟಲ್ ನಾರ್ತ್ ಕೂಡ ಇದೇ ಜಾತಿಯವು. ಮುಂದೆ ಗಾಜು ಇಟ್ಟು ಪಕ್ಕದ ಸೀಳಿನಿಂದ ಗಾಳಿ ಎಳೆಯುವಂಥದ್ದನ್ನು ನೋಡಲು ಚೆಂದ ಎಂದು ತರಬೇಡಿ.

ಫ್ಯಾನ್ ದೊಡ್ಡದಿರಲಿ, ನಿಧಾನ ತಿರುಗಲಿ. ವೇಗ ಅರ್ಧ ಮಾಡಿದರೆ ಗಾಳಿ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಅಂಥ ಇನ್ನೊಂದು ಫ್ಯಾನ್ ಸೇರಿಸಿದರೆ ಸದ್ದು 3 ಡೆಸಿಬೆಲ್ ಏರುತ್ತದೆ. ಅಂದರೆ ಒಂದು ಫ್ಯಾನನ್ನು 1400 ಸುತ್ತಿನಲ್ಲಿ ಓಡಿಸುವ ಬದಲು ಎರಡನ್ನು 700ರಲ್ಲಿ ಓಡಿಸಿದರೆ ಗಾಳಿ ಹೆಚ್ಚುಕಡಿಮೆ ಅಷ್ಟೇ, ಸದ್ದು 12 ಡೆಸಿಬೆಲ್ ಕಡಿಮೆ. ಮುಂದೆ 140 ಮಿ.ಮೀ.ನ ಎರಡು ಒಳಕ್ಕೆ, ಹಿಂದೆ ಒಂದು ಹೊರಕ್ಕೆ. ಇಷ್ಟರಿಂದ ಶುರು ಮಾಡಿ. ಮದರ್‌ಬೋರ್ಡ್ ವೇಗ ಏರಿಸಿ ಇಳಿಸಬಲ್ಲ ನಾಲ್ಕು ಪಿನ್ನಿನ ಪಿಡಬ್ಲ್ಯುಎಂ ಫ್ಯಾನನ್ನೇ ತನ್ನಿ, ಆರ್ಕ್ಟಿಕ್ ಪಿ14 ಪಿಡಬ್ಲ್ಯುಎಂ 200ರಿಂದ 1700 ಸುತ್ತಿನ ತನಕ ಇಳಿದು ಏರುತ್ತದೆ. ಬೇರಿಂಗ್ ಫ್ಲೂಯಿಡ್ ಡೈನಾಮಿಕ್ ಇರಬೇಕು. ಅಗ್ಗದ ಸ್ಲೀವ್ ಬೇರಿಂಗಿನ ಎಣ್ಣೆ ಬಿಸಿಗೆ ಬೇಗ ಒಣಗಿ ಎರಡನೇ ಬೇಸಿಗೆಗೆ ಕಟಕಟ ಅನ್ನಲು ಶುರು ಮಾಡುತ್ತದೆ, ಅದರಲ್ಲೂ ಮೇಲ್ಭಾಗದಲ್ಲಿ ಮಲಗಿಸಿ ಹಾಕಿದ್ದು.

ಒಳಗೆ ಬರುವ ಗಾಳಿ ಹೊರಗೆ ಹೋಗುವುದಕ್ಕಿಂತ ಸ್ವಲ್ಪ ಹೆಚ್ಚಿರಬೇಕು. ಆಗ ಗಾಳಿಯೆಲ್ಲ ಫಿಲ್ಟರಿನ ಮೂಲಕವೇ ಬರುತ್ತದೆ. ಹೊರಗೆ ಎಳೆಯುವ ಫ್ಯಾನ್ ಹೆಚ್ಚಾದರೆ ಹಿಂದಿನ ಸ್ಲಾಟು, ಯುಎಸ್‌ಬಿ ತೂತು ಹೀಗೆ ಸಂದಿ ಸಿಕ್ಕಲ್ಲೆಲ್ಲ ಧೂಳು ನುಗ್ಗುತ್ತದೆ. ಪರೀಕ್ಷಿಸುವುದು ಸುಲಭ: ಊದಿನಕಡ್ಡಿ ಹಚ್ಚಿ ಹಿಂಭಾಗದ ಖಾಲಿ ಸ್ಲಾಟಿನ ಬಳಿ ಹಿಡಿಯಿರಿ. ಹೊಗೆ ಹೊರಕ್ಕೆ ತಳ್ಳಿಸಿಕೊಂಡರೆ ಸರಿ, ಒಳಕ್ಕೆ ಸೆಳೆದುಕೊಂಡರೆ ಹಿಂದಿನ ಫ್ಯಾನ್ ವೇಗ ಇಳಿಸಿ.

ನಮ್ಮ ಕಡೆಯ ಧೂಳಿನದ್ದು ಬೇರೆಯೇ ಕಥೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ಮಾಡುವಾಗ ಹಗುರ ಹೊಟ್ಟು ಹಾರಿ ಬಂದು ಜಾಲರಿಗೆ ಮೆತ್ತಿಕೊಳ್ಳುತ್ತದೆ. ಅದು ಕಣ್ಣಿಗೆ ಕಾಣುತ್ತದೆ, ಬ್ರಷ್‌ಗೆ ಬಿಡುತ್ತದೆ. ವಾಡಿ, ಸೇಡಂ, ಮಳಖೇಡದಂಥ ಸಿಮೆಂಟ್ ಕಾರ್ಖಾನೆಗಳ ಊರಿನಲ್ಲಿ, ಫರ್ಶಿ ಕೊಯ್ಯುವ ಶಹಾಬಾದ್ ಸುತ್ತಮುತ್ತ ಧೂಳು ಹಿಟ್ಟಿನಷ್ಟು ನುಣುಪು. ಅದು ಫಿಲ್ಟರನ್ನೂ ದಾಟಿ ಕೂಲರಿನ ಅಲ್ಯೂಮಿನಿಯಂ ಹಾಳೆಗಳ ಮಧ್ಯೆ ಕೂಡುತ್ತದೆ, ಮಳೆಗಾಲದ ತೇವ ತಾಗಿದರೆ ಗಟ್ಟಿ ಪದರವಾಗುತ್ತದೆ. ಅಂಥ ಊರಿನವರು ಮೃಗಶಿರಾ ಮಳೆ ಹಿಡಿಯುವ ಮೊದಲೇ ಒಂದು ಸಲ ಪೂರ್ತಿ ಸ್ವಚ್ಛ ಮಾಡಬೇಕು. ಧೂಳು ತಡೆಯಲೆಂದು ಜಾಲರಿಯ ಮೇಲೆ ಓಢಣಿ ಬಟ್ಟೆ ಕಟ್ಟುವುದನ್ನು ಮಾತ್ರ ಮಾಡಬೇಡಿ, ಗಾಳಿಯೇ ಕಟ್ಟಿಹೋಗುತ್ತದೆ.

ಎಸ್‌ಎಂಪಿಎಸ್ ಮತ್ತು ಕರೆಂಟ್

88 ವ್ಯಾಟಿನ ಪ್ರೊಸೆಸರ್, 250ರ ಕಾರ್ಡ್, ಉಳಿದದ್ದಕ್ಕೆ 50. ಒಟ್ಟು 390ರ ಸುತ್ತಮುತ್ತ. ಇದಕ್ಕೆ 750 ವ್ಯಾಟಿನ, 80 ಪ್ಲಸ್ ಗೋಲ್ಡ್ ಎಂಬ ಕಡಿಮೆ ಪೋಲಿನ ದರ್ಜೆಯ, ಗೋಡೆಯ ಕರೆಂಟನ್ನು ಬಿಡಿಭಾಗಗಳಿಗೆ ಹೊಂದುವಂತೆ ಮಾಡುವ ಎಸ್‌ಎಂಪಿಎಸ್ ಹಾಕಿ. ಅರ್ಧ ಹೊರೆಯ ಸುತ್ತಮುತ್ತ ಅದು ಬಿಸಿಯಾಗಿ ಪೋಲು ಮಾಡುವ ಪಾಲು ಅತ್ಯಂತ ಕಡಿಮೆ, ಫ್ಯಾನ್ ತಿರುಗಿದರೂ ಕೇಳುವುದಿಲ್ಲ. ಕೊಳ್ಳುವಾಗ ನೋಡಲೇಬೇಕಾದ ಒಂದು ಸಾಲು: ಎಷ್ಟು ಡಿಗ್ರಿಯಲ್ಲಿ ಪೂರ್ತಿ ವ್ಯಾಟ್ ಕೊಡುತ್ತದೆ. ಕೆಲವದರ ಮೇಲೆ 40 ಡಿಗ್ರಿ ಎಂದಿರುತ್ತದೆ. ನಿಮ್ಮ ಕೋಣೆಯೇ 40 ಇದ್ದರೆ ಅದು ಅಂಚಿನಲ್ಲೇ ಬದುಕಬೇಕು. 50 ಡಿಗ್ರಿ ಎಂದು ಬರೆದದ್ದನ್ನೇ ತನ್ನಿ.

ಯುಪಿಎಸ್ ವಿಷಯದಲ್ಲಿ ಹೆಚ್ಚಿನವರು ಎಡವುವುದು 600 ವಿಎ ಡಬ್ಬಿಯಿಂದ. 600 ವಿಎ ಅಂದರೆ ಸುಮಾರು 360 ವ್ಯಾಟ್ ಮಾತ್ರ. ಆಟ ಆಡುವಾಗ ಕರೆಂಟ್ ಹೋದರೆ ಯುಪಿಎಸ್ ಹೊರೆ ತಾಳದೆ ಕೀ ಎಂದು ಕಂಪ್ಯೂಟರನ್ನೂ ಆರಿಸಿಬಿಡುತ್ತದೆ. 1000 ಅಥವಾ 1100 ವಿಎ ಬೇಕು, ಮಾನಿಟರ್ ಸೇರಿಸಿದರೂ ಹಿಡಿಯುತ್ತದೆ. ಮನೆಯ ಇನ್ವರ್ಟರ್ ಮೇಲೆಯೇ ಓಡಿಸುವುದಾದರೆ ಅದು ಶುದ್ಧ ಸೈನ್ ವೇವ್ ಕೊಡುವಂಥದ್ದಾಗಿರಬೇಕು, ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಬೇಕು. ಎಸ್‌ಎಂಪಿಎಸ್ ಪೂರ್ತಿ ಹೊರೆಯಲ್ಲಿ ಕರೆಂಟಿಲ್ಲದೆ 12ರಿಂದ 17 ಮಿಲಿಸೆಕೆಂಡ್ ತಾಳುತ್ತದೆ. ಇನ್ವರ್ಟರ್ ಮೋಡ್‌ನಲ್ಲಿ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದರಿಂದ ಯಂತ್ರ ರೀಸ್ಟಾರ್ಟ್ ಆಗುತ್ತದೆ. ಬ್ಯಾಟರಿಯನ್ನು ಬಿಸಿಲು ಬೀಳುವ ಗೋಡೆಯ ಪಕ್ಕ ಇಡಬೇಡಿ. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಲೆಡ್ ಆಸಿಡ್ ಬ್ಯಾಟರಿಯ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನಿಸಿದರೆ ಅರ್ಥಿಂಗ್ ಇಲ್ಲ ಎಂದೇ ತಿಳಿಯಿರಿ, ಬೇರೆ ಏನನ್ನೂ ಮಾಡುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ.

ಡಿಸ್ಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಳಗೆ ಮದರ್‌ಬೋರ್ಡಿಗೇ ಸಿಕ್ಕಿಸುವ, ತಿರುಗುವ ಭಾಗವಿಲ್ಲದ ಎನ್‌ವಿಎಂಇ ಎಸ್‌ಎಸ್‌ಡಿ ಮಾತ್ರ ಇರಲಿ, ಮದರ್‌ಬೋರ್ಡಿನ ಜೊತೆ ಬಂದ ತಗಡನ್ನು ಅದರ ಮೇಲೆ ಕೂರಿಸಿ. ತಿರುಗುವ ಹಾರ್ಡ್ ಡಿಸ್ಕ್ ಬೇಕಿದ್ದರೆ ಹೊರಗಿನ ಡಬ್ಬಿಯಲ್ಲಿ, ಬೇಕಾದಾಗ ಮಾತ್ರ.

ಕೂಲರ್, ಒಳ್ಳೆಯ ಕ್ಯಾಬಿನೆಟ್, ಒಳ್ಳೆಯ ಎಸ್‌ಎಂಪಿಎಸ್ ಊರಿನ ಅಂಗಡಿಯಲ್ಲಿ ತಯಾರಿರದಿದ್ದರೆ ಇದ್ದದ್ದನ್ನೇ ತಂದು ಹೊಂದಿಸಿಕೊಳ್ಳಬೇಡಿ. ಬೀದರಿನವರಿಗೆ ಹೈದರಾಬಾದ್ ಹತ್ತಿರ, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ಕಂಪ್ಯೂಟರ್ ಅಂಗಡಿಗಳ ಸಾಲೇ ಇದೆ. ಎಲ್ಲಿ ಕೊಂಡರೂ ಜಿಎಸ್‌ಟಿ ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ವಾರಂಟಿಗೆ ಅದೇ ಆಧಾರ.

ಜೋಡಿಸುವಾಗ

ಮೊದಲು ಮದರ್‌ಬೋರ್ಡನ್ನು ಅದರ ರಟ್ಟಿನ ಡಬ್ಬಿಯ ಮೇಲೆಯೇ ಇಟ್ಟು ಪ್ರೊಸೆಸರ್, ರ‍್ಯಾಮ್, ಕೂಲರ್ ಹಾಕಿ ಒಮ್ಮೆ ಚಾಲೂ ಮಾಡಿ ನೋಡಿ. ಡಿಡಿಆರ್5 ರ‍್ಯಾಮ್ ಮೊದಲ ಸಲ ತನ್ನನ್ನು ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ, ಪರದೆ ಕಪ್ಪಗಿರುತ್ತದೆ. ಕೆಟ್ಟಿತೆಂದು ಸ್ವಿಚ್ ಆರಿಸಬೇಡಿ. ಎರಡು ರ‍್ಯಾಮ್ ಇದ್ದರೆ ಪ್ರೊಸೆಸರಿನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ.

ಕೂಲರಿನ ತಳದ ಪ್ಲಾಸ್ಟಿಕ್ ಹಾಳೆ ಕೀಳಿ. ಪ್ರೊಸೆಸರ್ ಮೊದಲ ನಿಮಿಷದಲ್ಲೇ 95 ಮುಟ್ಟಿದರೆ ಹೆಚ್ಚಾಗಿ ಕಾರಣ ಈ ಹಾಳೆ, ಇಲ್ಲವೇ ಒಂದೇ ಕಡೆ ಬಿಗಿದ ಸ್ಕ್ರೂ. ಪ್ರೊಸೆಸರಿಗೂ ಕೂಲರಿಗೂ ಮಧ್ಯೆ ಹಚ್ಚುವ ಥರ್ಮಲ್ ಪೇಸ್ಟ್ ತೊಗರಿ ಕಾಳಿನಷ್ಟು ನಡುವೆ ಒಂದು, ನಾಲ್ಕು ಮೂಲೆಗೆ ಸಾಸಿವೆಯಷ್ಟು. ಎರಡು ಸ್ಕ್ರೂಗಳನ್ನೂ ಒಂದೊಂದಕ್ಕೆ ಎರಡು ಸುತ್ತಿನಂತೆ ಸರದಿಯಲ್ಲಿ ಬಿಗಿಯಿರಿ. ಫ್ಯಾನಿನ ತೆರೆದ ಮುಖ ಗಾಳಿ ಎಳೆಯುತ್ತದೆ, ಅಡ್ಡಪಟ್ಟಿ ಇರುವ ಮುಖ ಬಿಡುತ್ತದೆ. ಮುಂದಿನಿಂದ ಹಿಂದಕ್ಕೆ ಎಲ್ಲ ಒಂದೇ ದಿಕ್ಕಿಗಿರಲಿ. ಕ್ಯಾಬಿನೆಟ್ ಫ್ಯಾನಿಗೆ ಸ್ಕ್ರೂ ಬದಲು ರಬ್ಬರ್ ಪಿನ್ ಹಾಕಿದರೆ ತಗಡು ಮಿಡಿಯುವುದಿಲ್ಲ.

ಫ್ಯಾನ್ ಗೆರೆ ಎಳೆಯುವುದು

ಬಯಾಸ್‌ನಲ್ಲಿ ಪ್ರೊಸೆಸರ್ ಫ್ಯಾನನ್ನು 65 ಡಿಗ್ರಿಯ ತನಕ ಶೇಕಡಾ 30ಕ್ಕೆ ಚಪ್ಪಟೆಯಾಗಿ ಇಡಿ. ಅಲ್ಲಿಂದ 80 ಡಿಗ್ರಿಗೆ ಶೇಕಡಾ 50, 88ಕ್ಕೆ 75, 92ಕ್ಕೆ 100. 7800ಎಕ್ಸ್3ಡಿ ಹಾಕಿದವರು ಕೊನೆಯ ಎರಡು ಬಿಂದುಗಳನ್ನು 82 ಮತ್ತು 86ಕ್ಕೆ ತನ್ನಿ. ಸಾಮಾನ್ಯವಾಗಿ ಜನ 50ರಿಂದಲೇ ಏರಿಸುತ್ತಾರೆ, ಮೇ ತಿಂಗಳಲ್ಲಿ ಯಂತ್ರ ಸುಮ್ಮನಿದ್ದರೂ 55 ಇರುವ ಊರಿಗೆ ಅದು ಒಗ್ಗದು. ಏರುವಿಳಿಯುವ ವಿಳಂಬವನ್ನು 3ರಿಂದ 5 ಸೆಕೆಂಡಿಗೆ ಇಡಿ. ಒಂದೇ ಮಟ್ಟದ ಗಾಳಿ ಸದ್ದನ್ನು ಕಿವಿ ಮರೆಯುತ್ತದೆ, ಏರಿಳಿಯುವುದನ್ನು ಮರೆಯುವುದಿಲ್ಲ. ಕ್ಯಾಬಿನೆಟ್ ಫ್ಯಾನನ್ನು ಪ್ರೊಸೆಸರಿಗಲ್ಲ, ಗ್ರಾಫಿಕ್ಸ್ ಕಾರ್ಡಿನ ಬಿಸಿಗೆ ಕಟ್ಟಿ. ಫ್ಯಾನ್ ಕಂಟ್ರೋಲ್ ಎಂಬ ಉಚಿತ ತಂತ್ರಾಂಶ ವಿಂಡೋಸ್‌ನಲ್ಲಿ ಇದನ್ನು ಮಾಡುತ್ತದೆ. ರಾತ್ರಿ ಊರು ಮಲಗಿದ ಮೇಲೆ ಪ್ರತಿ ಫ್ಯಾನನ್ನೂ 50 ಸುತ್ತಿನ ಹೆಜ್ಜೆಯಲ್ಲಿ ಏರಿಸುತ್ತ ಕೇಳಿ. ಯಾವುದೋ ಒಂದು ವೇಗದಲ್ಲಿ ಗುಂಯ್ಗುಡುತ್ತದೆ. ಆ ವೇಗದಲ್ಲಿ ನಿಲ್ಲದಂತೆ ಗೆರೆಯನ್ನು ಹಾರಿಸಿ.

ಪರೀಕ್ಷೆಗೆ ಪ್ರೊಸೆಸರಿಗೆ ಪೂರ್ತಿ ಹೊರೆ ಹೇರುವ ಸಿನೆಬೆಂಚ್ ತಂತ್ರಾಂಶವನ್ನು 10 ನಿಮಿಷ, ಬಳಿಕ ಭಾರದ ಆಟವೊಂದನ್ನು 30 ನಿಮಿಷ ಓಡಿಸಿ; ಒಳಗಿನ ಬಿಸಿ ತೋರಿಸುವ ಎಚ್‌ಡಬ್ಲ್ಯುಇನ್ಫೋದಲ್ಲಿ ಗರಿಷ್ಠ ಬಿಸಿ ಬರೆದುಕೊಳ್ಳಿ. ಕಂಪ್ಯೂಟರಿನ ಮುಂದೆ ಒಂದು ಥರ್ಮಾಮೀಟರ್ ಇಟ್ಟು ಕೋಣೆಯ ಬಿಸಿಯನ್ನೂ ಬರೆಯಿರಿ. ಡಿಸೆಂಬರಿನಲ್ಲಿ ಕಟ್ಟುವವರು ಇಲ್ಲೇ ಮೋಸ ಹೋಗುತ್ತಾರೆ. 20 ಡಿಗ್ರಿ ಕೋಣೆಯಲ್ಲಿ 75 ಬಂತು, ಭೇಷ್ ಅನ್ನಿಸುತ್ತದೆ. ಅಂತರ 55. ಮೇ ತಿಂಗಳಲ್ಲಿ 40 ಸೇರಿಸಿದರೆ 95, ಅಂದರೆ ಮಿತಿ. 40 ಡಿಗ್ರಿ ಕೋಣೆಗೆ 88 ಮೀರಬಾರದು ಎಂದರೆ ಚಳಿಗಾಲದಲ್ಲಿ ಅಂತರ 48ರ ಒಳಗಿರಬೇಕು. ಹೆಚ್ಚಿದ್ದರೆ ಫ್ಯಾನ್ ಏರಿಸುವ ಮೊದಲು ವ್ಯಾಟ್ ಇಳಿಸಿ. ಪಕ್ಕದ ಗಾಜು ತೆಗೆದಾಗ 5 ಡಿಗ್ರಿಗಿಂತ ಹೆಚ್ಚು ಇಳಿದರೆ ತಪ್ಪು ಕೂಲರಿನದ್ದಲ್ಲ, ಮುಂದಿನಿಂದ ಗಾಳಿ ಬರುತ್ತಿಲ್ಲ.

ಕೋಣೆಯೊಳಗೆ ಜಾಗ

ನೀರು ಹಾಕಿ ಓಡಿಸುವ ಏರ್ ಕೂಲರ್ ಹಚ್ಚಿದ ಕೋಣೆಯಲ್ಲಿ ಕಂಪ್ಯೂಟರಿಗೂ ಲಾಭವಿದೆ. ಒಣ ಬಿಸಿಲಿನಲ್ಲಿ ಅದು ಗಾಳಿಯನ್ನು ಚೆನ್ನಾಗಿ ತಣಿಸುತ್ತದೆ. ಆದರೆ ಅದರ ಬಾಯಿಯ ನೇರಕ್ಕೆ ಕ್ಯಾಬಿನೆಟ್ ಇಡಬೇಡಿ. ಬೋರ್‌ವೆಲ್ ನೀರಿನ ಗಡಸು ಹನಿಗಳ ರೂಪದಲ್ಲಿ ಹಾರಿ ಬಂದು ಬೋರ್ಡಿನ ಮೇಲೆ ಬಿಳಿ ಉಪ್ಪಾಗಿ ಕೂಡುತ್ತದೆ. ಆರೇಳು ಅಡಿ ದೂರ, ಒಂದು ಪಕ್ಕಕ್ಕೆ ಇರಲಿ. ಕಿಟಕಿ ತೆರೆದಿರಬೇಕು, ಇಲ್ಲದಿದ್ದರೆ ಕೋಣೆಯಲ್ಲಿ ತೇವ ತುಂಬಿ ಯಾರಿಗೂ ಹಿತವಲ್ಲ.

ಫರ್ಶಿ ತಂಪಾಗಿದೆ ಎಂದು ನೆಲದ ಮೇಲೆ ಇಡುವುದೂ ತಪ್ಪು. ಕಸ ಗುಡಿಸಿದ ಧೂಳೆಲ್ಲ ಮುಂದಿನ ಫ್ಯಾನಿಗೇ. ಒಂದು ಅಡಿ ಎತ್ತರದ ಮಣೆಯೋ ಸ್ಟೂಲೋ ಸಾಕು. ಹಿಂದೆ ಗೋಡೆಗೆ 20 ಸೆಂ.ಮೀ. ಬಿಡಿ. ಫರ್ಶಿ ನೆಲ, ಬರೀ ಗಾರೆಯ ಗೋಡೆ ಸದ್ದನ್ನು ಹಿಂದಕ್ಕೆ ಎಸೆಯುತ್ತವೆ. ಮೇಜಿನ ಕೆಳಗೊಂದು ದಪ್ಪ ಜಮಖಾನ, ನೀವು ಕೂರುವ ಜಾಗದ ಎದುರಿನ ಗೋಡೆಗೆ ಒಂದು ಹಳೆಯ ಕೌದಿ ತೂಗುಹಾಕಿ ಕೇಳಿ ನೋಡಿ, ಫ್ಯಾನಿನ ಸದ್ದು ಮೆತ್ತಗಾಗಿರುತ್ತದೆ. ಕ್ಯಾಬಿನೆಟ್ಟಿನ ಬಿಸಿಗಾಳಿ ಬರುವ ಕಡೆ ಮಾತ್ರ ಬಟ್ಟೆ ಬೇಡ.

ಮಾರ್ಚಿನಿಂದ ಜೂನ್ ತನಕ ಹದಿನೈದು ದಿನಕ್ಕೊಮ್ಮೆ ಮುಂದಿನ ಫಿಲ್ಟರ್ ತೆಗೆದು ನಲ್ಲಿಯ ಕೆಳಗೆ ತೊಳೆಯಿರಿ, ನೆರಳಲ್ಲಿ ಪೂರ್ತಿ ಒಣಗಿಸಿ ಹಾಕಿ. ಮೂರು ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಅಂಗಳಕ್ಕೆ ಒಯ್ದು ಬ್ಲೋವರ್ ಹೊಡೆಯಿರಿ. ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಬಿಟ್ಟರೆ ಅದು ಮಿತಿ ಮೀರಿ ತಿರುಗಿ ಬೇರಿಂಗ್ ಕೆಡುತ್ತದೆ, ಮರುದಿನದಿಂದ ಕಟಕಟ ಶುರು.